ನಿಡುಗಲ್ಲಿನ ತಪ್ಪಲಲ್ಲಿ ಮಣಿಯ ಕಿಳ್ಳೇಕ್ಯಾತ

ಪ್ರವಾಸವೆಂದರೆ ದೂರದ ದೇಶಗಳನ್ನೇ ನೋಡಿ ಬರಬೇಕೆಂಬ ನಿಯಮವೇನೂ ಇಲ್ಲ. ಬಂಧುಗಳ ಮನೆಯ ಪಡಸಾಲೆಯಲ್ಲಿ ನಾಲ್ಕು ದಿನ ಕುಳಿತು ಬಂದರೂ, ಕಾಶಿಗೆ ಹೋಗಿ ಬಂದವರಿಗೆ ದೊರೆಯುವಷ್ಟು ಸಂಗತಿಗಳು ಕೆಲವು ಸಲ ದೊರೆಯುವುವು. ಕಳೆದ ನವರಾತ್ರಿಯ ರಜೆಯಲ್ಲಿ ನಾನು ಪಾವಗಡದ ಸೀಮೆಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆನು. ಅಲ್ಲಿ ಕಂಡುದನ್ನು ವಾಚಕರ ಮುಂದಿಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆಯನ್ನು ಹಾದು ಮಧುಗಿರಿಗೆ ಬರುವುದು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ಸೀಮೆಯಲ್ಲಿಯೇ ಹರಿದು ಪಿನಾಕಿನಿಯನ್ನು ಸೇರುವುದು. ಕೊರಟಗೆರೆಯವರೆಗೆ ಅಡಿಕೆ, ತೆಂಗುಗಳ ಹಸುರು ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಅಲ್ಲಿಂದಾಚೆಗೆ ಬಂಡೆಯ ರಾಜ್ಯ. ಮಧುಗಿರಿಯ ಏಕಶಿಲೆಯ ಬೆಟ್ಟವು ಊರಿನ ಬೆನ್ನಿಗೆ ಆತುಕೊಂಡು ನಿಂತಿರುವ ಬಗೆಯನ್ನು ನೋಡಿದವರು ಮರೆಯಲಾರರು. ಹಿಂದೆ ಮದ್ದಗಿರಿಯೆಂದು ಕರೆಯುತ್ತಿದ್ದ ಊರಿದು. ಮಧುಗಿರಿಯನ್ನು ಬಿಟ್ಟ ಮೇಲೆ ನೆಲ ಇನ್ನೂ ಕೆಂಪಾಗುವುದು, ಮರಗಳು ವಿರಳವಾಗುವುವು, ಹೊಲಗಳಲ್ಲಿ ಕಡಲೆಕಾಯಿ ಹೆಚ್ಚುವುದು. ಬಸ್ಸಿನಲ್ಲಿ ಕುಳಿತವರ ಮಾತು ಕನ್ನಡದಲ್ಲಿ ತೊಡಗಿ ತೆಲುಗಿನಲ್ಲಿ ಮುಗಿಯುವುದು. ಪಾವಗಡದ ತಾಲ್ಲೂಕನ್ನು ಆಂಧ್ರದ ನೆಲವು ಬಹುಭಾಗ ಸುತ್ತುವರಿದಿರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈಗ ಈ ತಾಲ್ಲೂಕಿನ ಹೆಸರು ಹೊರನಾಡಿನವರಿಗೆ ತಿಳಿದಿರುವುದು ತಿರುಮಣಿಯ ಸೌರಶಕ್ತಿಯ ಕೇಂದ್ರದಿಂದ. ೨೦೧೯ರ ವೇಳೆಗೆ ಪೂರ್ತಿಯಾದ ಆ ಕೇಂದ್ರದ ಸಾಮರ್ಥ್ಯ ೨೦೫೦ ಮೆಗಾವಾಟು. ಅದಕ್ಕೆ ಬೇಕಾದ ಸುಮಾರು ೧೩,೦೦೦ ಎಕರೆ ನೆಲವನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು. ಮಳೆಯನ್ನು ಕಾದು ಕಾದು ಬೇಸತ್ತ ಸೀಮೆಯು ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡಿತೆಂದು ಹೇಳಬಹುದು.

ಅತ್ತೆಯ ಮನೆ ನಿಡುಗಲ್ ಬೆಟ್ಟದ ತಪ್ಪಲಿನ ಒಂದು ಹಳ್ಳಿಯಲ್ಲಿದೆ. ಬೆಟ್ಟದ ಎತ್ತರ ೩೭೭೨ ಅಡಿ. ತಮ್ಮನ್ನು ಕರಿಕಾಲ ಚೋಳನ ವಂಶದವರೆಂದು ಹೇಳಿಕೊಂಡ, ಒರೆಯೂರಿನ ಒಡೆಯರೆಂಬ ಬಿರುದನ್ನು ಧರಿಸಿದ ನಿಡುಗಲ್ ಚೋಳರು ಇದನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದರು. ಅವರಲ್ಲಿ ಇರುಂಗೋಳನೆಂಬ ಹೆಸರಿನವರು ಹಲವರು. ಹೊಯ್ಸಳರೊಡನೆ ಮತ್ತೆ ಮತ್ತೆ ಸೆಣಸಿದವರು. ಆಮೇಲೆ ಪಾಳೆಯಗಾರರು ಬಂದರು, ಹೈದರನು ಬಂದನು. ಕೋಟೆ ಉಳಿಯಿತು, ಆಳಿದವರು ಹೋದರು.

ನಾನು ಹೋದಾಗ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ. ಅವುಗಳ ಕೆಳಗೆ ದಶಾವತಾರ. ಅದರ ಕೆಳಗೆ ಅಕ್ಕಿ ಬೇಳೆಗಳ ಅಂಗಡಿಯಿಟ್ಟುಕೊಂಡು ಕುಳಿತ ಶೆಟ್ಟಿ ದಂಪತಿಗಳು. ಎಲ್ಲವೂ ನಾನು ಚಿಕ್ಕಂದಿನಿಂದ ಕಂಡವೇ. ಆದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಈ ಸಲ ಹೊಸಬರು ನಿಂತಿದ್ದರು. ಎರಡು ದುಂಡು ಕಿವಿಗಳ ಮಿಕ್ಕಿ ಇಲಿ, ಒಂದನ್ನೊಂದು ಅಟ್ಟಿಕೊಂಡು ಹೋಗುವ ಟಾಮ್ ಬೆಕ್ಕು ಮತ್ತು ಜೆರ್ರಿ ಇಲಿ, ಹೆಗಲ ಮೇಲೆ ಹೆಣವನ್ನು ಹೊತ್ತ ವಿಕ್ರಮರಾಜ, ಚೌಕುಳಿ ಕೋಟಿನ ಬಡಕಲು ಗೃಹಸ್ಥ. ಹತ್ತಿರ ಹೋಗಿ ನೋಡಿದೆನು. ಎಲ್ಲವೂ ಸಣ್ಣ ಸಣ್ಣ ಮಣಿಗಳಿಂದಾದವು. ಆದರೆ ದಾರದಿಂದ ಪೋಣಿಸಿದವಲ್ಲ, ಒಂದಕ್ಕೊಂದು ಬೆಸೆದುಕೊಂಡು ಹಲಗೆಯಂತೆ ಗಟ್ಟಿಯಾಗಿದ್ದವು.

ಇವುಗಳನ್ನು ಮಾಡಿದವನು ಅತ್ತೆಯ ಮೊಮ್ಮಗ. ಹತ್ತು ವರ್ಷದ ಹುಡುಗ, ಬೆಂಗಳೂರಿನಲ್ಲಿ ಓದುತ್ತಾನೆ. “ಇವು ಫ್ಯೂಸ್ ಬೀಡ್ಸ್, ಮಾವ” ಎಂದು ತನ್ನ ಡಬ್ಬಿಯನ್ನು ತೆರೆದು ತೋರಿಸಿದನು. ಕೊಳವೆಯನ್ನು ತುಂಡು ತುಂಡಾಗಿ ಕತ್ತರಿಸಿದಂತಿದ್ದ, ೫ ಮಿಲಿಮೀಟರಿನ ಪ್ಲಾಸ್ಟಿಕ್ ಮಣಿಗಳು, ಬಣ್ಣಕ್ಕೊಂದು ಮನೆ. ಜೊತೆಯಲ್ಲಿ ಮೇಲೆಲ್ಲ ಸಣ್ಣ ಮುಳ್ಳುಗಳೆದ್ದಿರುವ ಒಂದು ಚೌಕದ ಹಲಗೆ. ಸಾಲಿಗೆ ೨೯ ಮುಳ್ಳು, ಅಂತಹ ೨೯ ಸಾಲು, ಒಟ್ಟು ೮೪೧. ಒಂದೊಂದು ಮುಳ್ಳಿಗೆ ಒಂದೊಂದು ಮಣಿಯನ್ನು ಇಳಿಬಿಟ್ಟು ಚಿತ್ರವನ್ನು ತುಂಬಿದ ಮೇಲೆ, ಅದರ ಮೇಲೆ ಬೆಣ್ಣೆ ಕಾಗದವನ್ನು ಹೊದಿಸಿ, ಬಿಸಿಯಾದ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಸುತ್ತು ಸುತ್ತಾಗಿ ಆಡಿಸಬೇಕು. ಮಣಿಗಳ ಮೇಲಂಚು ಕರಗಿ ನೆರೆಯವುಗಳಿಗೆ ಅಂಟಿಕೊಳ್ಳುವುದು. ಬಿಸಿ ಆರುವ ತನಕ ಭಾರವಾದ ಪುಸ್ತಕವೊಂದನ್ನು ಹೇರಿಟ್ಟರೆ ಚಿತ್ರ ಮುರುಟಿಕೊಳ್ಳದು. ಬಳಿಕ ಹಲಗೆಯಿಂದ ಎತ್ತಿ, ಇನ್ನೊಂದು ಮಗ್ಗುಲಿಗೂ ಹಾಗೆಯೇ ಮಾಡಬೇಕು. ಕೆಲಸ ಇಷ್ಟೆ. ಇಸ್ತ್ರಿ ಪೆಟ್ಟಿಗೆ ಮಾತ್ರ ದೊಡ್ಡವರ ಕೈಯಲ್ಲಿರಬೇಕು, ಕಿಟಕಿ ತೆರೆದಿರಬೇಕು, ಮಣಿಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸುಗಳು ದೂರವಿರಬೇಕು.

ಈ ಆಟವು ಸ್ವೀಡನ್, ಡೆನ್ಮಾರ್ಕ್ ಮುಂತಾದ ಚಳಿನಾಡುಗಳಿಂದ ಹರಡಿದುದು. ಮೊದಲು ಇದನ್ನು ಯೋಚಿಸಿದ್ದು ಮಕ್ಕಳಿಗಾಗಿ ಅಲ್ಲ, ಬೆರಳುಗಳ ಶಕ್ತಿ ಕುಂದಿದ ಮುದುಕರಿಗೆ ಕೈಗೆಲಸದ ಅಭ್ಯಾಸವಾಗಲೆಂದು ಎಂಬ ಮಾತೂ ಉಂಟು. ಈಗ ದೊಡ್ಡವರಲ್ಲಿ ಅನೇಕರು ತಾವು ಬಾಲ್ಯದಲ್ಲಿ ಕಂಡ ಕಾರ್ಟೂನುಗಳನ್ನು ಮಣಿಯಲ್ಲಿ ಮಾಡಿ ಗೋಡೆಗೆ ತೂಗುಹಾಕುವುದು ರೂಢಿಯಾಗಿದೆ. ಹುಡುಗನ ಗೊಂಬೆಗಳೂ ಹಾಗೆಯೇ ಮನೆಮಂದಿಯ ಬೇಡಿಕೆಯಿಂದ ಹುಟ್ಟಿದವು. ೧೯೨೮ರಲ್ಲಿ ಹುಟ್ಟಿದ ಮಿಕ್ಕಿ ಹುಡುಗನ ಸ್ವಂತ ಆಯ್ಕೆ. ೧೯೪೦ರಲ್ಲಿ ಹುಟ್ಟಿದ ಟಾಮ್ ಜೆರ್ರಿಗಳು ಅವನ ತಾಯಿಯ ಆಯ್ಕೆ. ವಿಕ್ರಮರಾಜನನ್ನು ಬೇಡಿದವರು ಚಿಕ್ಕಪ್ಪ. ಕನ್ನಡದಲ್ಲಿ ೧೯೪೯ರಿಂದ ಬರುತ್ತಿದ್ದು ಈಗ ನಿಂತುಹೋಗಿರುವ ‘ಚಂದಮಾಮ’ದಲ್ಲಿ, ಶಂಕರ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿ ೨೦೨೦ರಲ್ಲಿ ತೀರಿಕೊಂಡ ಕೆ. ಸಿ. ಶಿವಶಂಕರನ್ ಅವರು ಬರೆದ ಬೇತಾಳ ಕಥೆಯ ಚಿತ್ರವನ್ನು ಅವರು ಮರೆತಿರಲಿಲ್ಲ. ಚೌಕುಳಿ ಕೋಟಿನವನು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಅವನನ್ನು ಬೇಡಿದವನು ಹುಡುಗನ ತಂದೆ, ಎಂದರೆ ನನ್ನ ಭಾವ. ಚೌಕುಳಿಯೆಂದರೆ ಮಣಿಗೆ ಒಗ್ಗುವ ವಿನ್ಯಾಸವಾದುದರಿಂದ ಎಲ್ಲದರಲ್ಲಿಯೂ ಅದೇ ಚೆನ್ನಾಗಿ ಬಂದಿತ್ತು.

ಏನನ್ನೂ ಬೇಡದೆ ಇದ್ದವರೆಂದರೆ ಅತ್ತೆಯವರೊಬ್ಬರೇ. ಅವರ ಎರಡು ಕಣ್ಣುಗಳಿಗೂ ಪೊರೆ ಬಂದು ಎರಡು ವರ್ಷಗಳಾಗಿದ್ದವು. ಹಗಲು ರಾತ್ರಿಗಳ ವ್ಯತ್ಯಾಸ ತಿಳಿಯುತ್ತಿತ್ತು, ಎದುರಿಗೆ ಯಾರಾದರೂ ಹಾದು ಹೋದರೆ ನೆರಳಿನಂತೆ ಕಾಣುತ್ತಿತ್ತು, ಅಷ್ಟೆ. ಶಸ್ತ್ರಚಿಕಿತ್ಸೆಯನ್ನು ಮಾಡಿಸೋಣವೆಂದು ಮಕ್ಕಳು ಎಷ್ಟು ಹೇಳಿದರೂ, “ನೋಡಬೇಕಾದ್ದನ್ನೆಲ್ಲಾ ನೋಡಿ ಆಗಿದೆ, ಬಿಡ್ರಪ್ಪಾ. ಇನ್ನು ಹೊಸದಾಗಿ ನೋಡೋಕೆ ಏನಿದೆ?” ಎಂದು ಬಿಡುತ್ತಿದ್ದರು. ಈ ಮಾತಿಗೆ ಉತ್ತರ ಕೊಡುವುದು ಯಾರಿಗೂ ಆಗಿರಲಿಲ್ಲ. ಅವರ ಮನೆಯ ಬಾಗಿಲಿಗೆ ಅವರೇ ಮದುವೆಯಾದ ಹೊಸತರಲ್ಲಿ ಹೆಣೆದ ಮಣಿಯ ತೋರಣವಿದೆ. ನಡುವೆ ಎರಡು ಗಿಳಿಗಳು. ದಾರ ಶಿಥಿಲವಾಗಿ ಒಂದು ಗಿಳಿಯ ಬಾಲ ಉದುರಿಹೋಗಿ ಬಹಳ ದಿನವಾಗಿದ್ದರೂ ಅವರಿಗೆ ಅದನ್ನು ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

ಆ ದಿನ ಮಧ್ಯಾಹ್ನ ಹುಡುಗನು ಮುಳ್ಳಿನ ಹಲಗೆಯನ್ನು ಅವರ ತೊಡೆಯ ಮೇಲಿಟ್ಟನು. ಅವರು ಅದರ ಮೇಲೆ ಬೆರಳಾಡಿಸಿ, “ಇದು ಚುಕ್ಕಿ ಇಟ್ಟ ರಂಗೋಲಿಯಲ್ಲವೇನೋ!” ಎಂದರು. ನಿಜವೇ. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕಿಗಳನ್ನೆಣಿಸಿಕೊಂಡು ನವಿಲನ್ನೋ ದೀಪವನ್ನೋ ಬಿಡಿಸುವ ವಿದ್ಯೆಗೂ ಇದಕ್ಕೂ ದೂರವಿಲ್ಲ. ಅಲ್ಲಿ ಗೆರೆಯು ಚುಕ್ಕಿಯನ್ನು ಬಳಸುತ್ತದೆ ಅಥವಾ ಸೇರಿಸುತ್ತದೆ. ಇಲ್ಲಿ ಚುಕ್ಕಿಯೇ ಚಿತ್ರವಾಗುತ್ತದೆ. ಸ್ವಲ್ಪ ಹೊತ್ತು ಹಲಗೆಯನ್ನು ಸವರುತ್ತ ಕುಳಿತಿದ್ದು, “ಇದರಲ್ಲಿ ಕಿಳ್ಳೇಕ್ಯಾತ ಆಗ್ತಾನೇನೋ?” ಎಂದು ಕೇಳಿದರು.

ಹುಡುಗನಿಗೆ ಆ ಹೆಸರೇ ತಿಳಿಯದು. ಈಗಿನ ವಾಚಕರಲ್ಲಿಯೂ ಕೆಲವರಿಗೆ ತಿಳಿಯದಿರಬಹುದು. ತೊಗಲುಬೊಂಬೆಯ ಆಟದಲ್ಲಿ ರಾಮ ರಾವಣರ ಯುದ್ಧದ ನಡುವೆ ಥಟ್ಟನೆ ನುಗ್ಗಿ ಬಂದು ನಗಿಸುವ ಹಾಸ್ಯಗಾರನೇ ಕಿಳ್ಳೇಕ್ಯಾತ. ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ, ಗುಂಗುರು ಕೂದಲು. ಅವನ ಹೆಂಡತಿ ಬಂಗಾರಕ್ಕ. ಆಟವನ್ನು ಆಡಿಸುವ ಜನರಿಗೂ ಅವನ ಹೆಸರೇ ಬಂದುಬಿಟ್ಟಿತು. ಕೆಲವೆಡೆ ಸಿಳ್ಳೇಕ್ಯಾತರೆಂದೂ ಹೇಳುವರು. ಗಡಿಯಾಚೆಯ ತೆಲುಗರಲ್ಲಿ ಇವನೇ ಕೇತಿಗಾಡು. ಅಲ್ಲಿಯೂ ಹೆಂಡತಿಯ ಹೆಸರು ಬಂಗಾರಕ್ಕನೇ. ಅತ್ತೆಯವರು ಎರಡು ಹೆಸರುಗಳನ್ನೂ ಬಲ್ಲರು. ಅವರು ಹುಡುಗಿಯಾಗಿದ್ದಾಗ ಮಳೆ ತಡವಾದ ವರ್ಷಗಳಲ್ಲಿ ಆಟದವರನ್ನು ಕರೆಸುತ್ತಿದ್ದರಂತೆ. ಆಟವಾಡಿಸಿದರೆ ಮಳೆಯಾಗುವುದೆಂಬ ನಂಬಿಕೆ. ಶಿರದ ಕಡೆಯ ಕರಿಯ ಕಂಬಳಿಗಳನ್ನು ಮೂರು ಕಡೆ ಕಟ್ಟಿ, ಎದುರಿಗೆ ಬಿಳಿಯ ಪಂಚೆಯನ್ನು ಬಿಗಿದು, ಒಳಗೆ ಎಣ್ಣೆಯ ದೀಪವನ್ನು ಹಚ್ಚಿದರೆ ರಂಗ ಸಿದ್ಧ. ಆಡಿನ ತೊಗಲನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ಒಡವೆಗಳಿರುವೆಡೆ ಸಣ್ಣ ಸಣ್ಣ ತೂತುಗಳನ್ನು ಹೊಡೆದಿರುವರು. ದೀಪದ ಬೆಳಕು ಆ ತೂತುಗಳಲ್ಲಿ ಹರಳುಗಳಂತೆ ಹೊಳೆಯುವುದು. “ಬೆಳಗಿನ ಜಾವದ ತನಕ ನೋಡ್ತಿದ್ವಿ. ಕ್ಯಾತ ಹೇಳ್ತಿದ್ದ ಮಾತೆಲ್ಲಾ ಮನೇಲಿ ಹೇಳೋ ಹಾಗಿರಲಿಲ್ಲ” ಎಂದು ಅತ್ತೆ ನಕ್ಕರು.

ಆ ವಿದ್ಯೆ ಸತ್ತಿಲ್ಲ. ಪಾವಗಡಕ್ಕೆ ಆಚೆ, ಧರ್ಮಾವರದ ಬಳಿಯ ನಿಮ್ಮಲಕುಂಟೆಯು ಈಗಲೂ ತೊಗಲುಬೊಂಬೆಗಳ ಊರು. ಅಲ್ಲಿನ ದಳವಾಯಿ ಚಲಪತಿರಾಯರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ೨೦೨೫ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ ಅದೇ ಗೌರವ ದೊರೆಯಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರಮದಿಂದ ಕೂಡಿದ ತೊಗಲುಬೊಂಬೆಗಳ ಸಂಗ್ರಹವಿದೆ. ಆದರೆ ಅತ್ತೆಯವರ ಊರಿಗೆ ಆಟದವರು ಬಂದು ಎಷ್ಟೋ ವರ್ಷಗಳಾದವು.

ಹುಡುಗನು ಫೋನಿನಲ್ಲಿ ಹುಡುಕಿದನು. ಹತ್ತಾರು ಕಿಳ್ಳೇಕ್ಯಾತರು ಬಂದರು. ಒಬ್ಬನಂತೆ ಇನ್ನೊಬ್ಬನಿಲ್ಲ, ತಂಡಕ್ಕೊಂದು ರೂಪ. ಅವನು ಒಂದೊಂದನ್ನೂ ವರ್ಣಿಸಿದಂತೆ, “ಅಲ್ಲ, ನಮ್ಮವನ ಮೂಗು ಹಾಗಿರಲಿಲ್ಲ”, “ನಮ್ಮವನಿಗೆ ಟೋಪಿ ಎಲ್ಲಿಂದ ಬಂತು?” ಎಂದು ಅತ್ತೆ ಎಲ್ಲರನ್ನೂ ತಿರಸ್ಕರಿಸಿದರು. ಅವರಿಗೆ ಬೇಕಾದವನು ಅವರ ನೆನಪಿನಲ್ಲಿ ಮಾತ್ರವೇ ಉಳಿದಿದ್ದನು.

ಮರುದಿನ ಬೆಳಗ್ಗೆ ಹುಡುಗನೂ ನಾನೂ ಬೆಟ್ಟವನ್ನು ಹತ್ತಿದೆವು. ಕುರುಚಲು ಕಾಡು, ಕಾದ ಬಂಡೆ, ಕುಸಿದ ಕೋಟೆಯ ಗೋಡೆ, ನೀರು ನಿಂತ ದೊಣೆ, ಪಾಳುಬಿದ್ದ ದೇಗುಲ. ಇರುಂಗೋಳರ ಕಥೆಯನ್ನು ತಿಳಿದಷ್ಟು ಹೇಳಿದೆನು. “ಆ ರಾಜನ ಮುಖ ಹೇಗಿತ್ತು ಮಾವ?” ಎಂದು ಅವನು ಕೇಳಿದನು. ಶಾಸನಗಳಲ್ಲಿ ಬಿರುದುಗಳಿವೆ, ದಾನದ ಲೆಕ್ಕಗಳಿವೆ, ಮುಖವಿಲ್ಲ ಎಂದೆನು. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಕ್ಯಾತನ ಮುಖವನ್ನು ಇವತ್ತೇ ಬರೆದುಕೊಳ್ಳೋಣ. ಅಜ್ಜಿ ಮರೆತುಬಿಟ್ಟರೆ?” ಎಂದನು. ನಾವು ಬೆಟ್ಟದ ತುದಿಯನ್ನು ಮುಟ್ಟದೆಯೇ ಇಳಿದುಬಂದೆವು.

ಅಂದು ಮಧ್ಯಾಹ್ನವೆಲ್ಲ ಕೆಲಸ. ಗೆರೆಯ ಕಾಗದದ ಮೇಲೆ ೨೯ ಸಾಲಿನ ಚೌಕವನ್ನು ಎಳೆದುಕೊಂಡು ಹುಡುಗ ಕುಳಿತನು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. ತಲೆ ಎಷ್ಟು ಚುಕ್ಕಿ, ಹೊಟ್ಟೆ ಎಷ್ಟು ಚುಕ್ಕಿ ಎಂಬ ಲೆಕ್ಕ ಅವರ ಬಾಯಿಂದ ರಂಗೋಲಿಯ ಲೆಕ್ಕದಂತೆ ಬಂದಿತು. “ಹೊಟ್ಟೆ ಹದಿಮೂರು ಇಡು. ಕಾಲು ಗಿಡ್ಡ, ಐದು ಸಾಕು.” ಹುಡುಗನು ಹಲಗೆಯಲ್ಲಿ ಮಣಿಯಿಟ್ಟು ಅವರ ಬೆರಳಿಗೆ ಕೊಡುವನು, ಅವರು ಸವರಿ, “ತುಟಿ ಇನ್ನೊಂದು ಮುಂದಕ್ಕೆ ಬರಲಿ” ಎನ್ನುವರು. ಸಂಜೆಗೆ ಕ್ಯಾತನು ಹಲಗೆಯ ಮೇಲೆ ಸಿದ್ಧನಾದನು.

ಇಸ್ತ್ರಿಯ ಕೆಲಸ ನನ್ನದು, ತಪ್ಪೂ ನನ್ನದೇ. ಹತ್ತಿಬಟ್ಟೆಗೆ ಇಡುವಷ್ಟು ಬಿಸಿಯನ್ನೇ ಇಟ್ಟು, ಚೆನ್ನಾಗಿ ಅಂಟಲೆಂದು ಒಂದೇ ಕಡೆ ಒತ್ತಿ ಹಿಡಿದೆನು. ಕಾಗದವನ್ನು ಎತ್ತಿ ನೋಡಿದರೆ ಹೊಟ್ಟೆಯೆಲ್ಲ ಕರಗಿ ಒಂದು ಕಪ್ಪು ಮುದ್ದೆ. ಹಲಗೆಯ ನಾಲ್ಕಾರು ಮುಳ್ಳುಗಳೂ ಬಾಗಿಹೋಗಿದ್ದವು. ಹುಡುಗ ಬಾಯಿಬಿಡಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಹಿತ್ತಲಿಗೆ ಹೋದನು. ಕಪ್ಪು ಮಣಿಗಳು ಡಬ್ಬಿಯಲ್ಲಿ ಒಂದು ಹಿಡಿಯೂ ಉಳಿದಿರಲಿಲ್ಲ. ಮಾರನೆಯ ದಿನವೇ ವಿಜಯದಶಮಿ. ಅಲ್ಲಿ ಅಂತಹ ಮಣಿಗಳನ್ನು ಎಲ್ಲಿಂದ ತರುವುದು?

ಪರಿಹಾರವನ್ನು ಹೇಳಿದವರು ಅತ್ತೆಯೇ. “ಕರಿಯದು ಇಲ್ಲದಿದ್ದರೆ ಕಂದು ಹಾಕಿಸು. ಅವನು ಇದ್ದಲಿನ ಹಾಗೆ ಕಪ್ಪಲ್ಲಪ್ಪಾ. ತೊಗಲಲ್ಲವೇ? ದೀಪದ ಮುಂದೆ ಬಂದಾಗ ಕಂದಾಗಿ ಕಾಣುತ್ತಿದ್ದ; ಅಂಚು ಮಾತ್ರ ಕಪ್ಪು.” ಹೀಗೆ ಉಳಿದ ಕಪ್ಪು ಮಣಿಗಳೆಲ್ಲ ಅಂಚಿಗೂ ಕೂದಲಿಗೂ ಹೋದವು, ಮೈಯೆಲ್ಲ ಕಂದಾಯಿತು. ಚಲ್ಲಣಕ್ಕೆ ಕೆಂಪು. ಮೊದಲನೆಯದಕ್ಕಿಂತ ಇವನೇ ನಿಜವಾದ ಕ್ಯಾತನಂತೆ ತೋರಿದನು. ಕೈಗಳೆರಡನ್ನೂ ಬೇರೆಯಾಗಿ ಮಾಡಬೇಕೆಂದು ಅತ್ತೆ ಹಟ ಹಿಡಿದರು. ಕೈಯಾಡಿಸದ ಕ್ಯಾತನು ಕ್ಯಾತನೇ ಅಲ್ಲವಂತೆ. ಈ ಸಲ ಪೆಟ್ಟಿಗೆಯನ್ನು ನಡುಬಿಸಿಯಲ್ಲಿಟ್ಟು, ಎಲ್ಲಿಯೂ ನಿಲ್ಲಿಸದೆ ಆಡಿಸಿದೆನು. ಮಣಿಗಳು ಅಂಟಿದವು, ತೂತುಗಳು ಮುಚ್ಚಲಿಲ್ಲ. ಭುಜದ ಒಂದು ಮಣಿಯ ತೂತಿಗೆ ದಾರವನ್ನು ಪೋಣಿಸಿ ಕೈಗಳನ್ನು ಕಟ್ಟಿದವರು ಅತ್ತೆ. ಐವತ್ತು ವರ್ಷಗಳ ಹಿಂದೆ ತೋರಣಕ್ಕೆ ಹಾಕಿದ ಗಂಟನ್ನು ಅವರ ಬೆರಳು ಮರೆತಿರಲಿಲ್ಲ.

ರಾತ್ರಿ ಊಟವಾದ ಮೇಲೆ ಪಡಸಾಲೆಯ ಎರಡು ಕಂಬಗಳ ನಡುವೆ ಭಾವನ ಪಂಚೆಯನ್ನು ಬಿಗಿದರು. ಹರಳೆಣ್ಣೆಯ ದೀಪವೇ ಆಗಬೇಕೆಂದು ಅತ್ತೆ ಹೇಳಿದರೂ, ಪ್ಲಾಸ್ಟಿಕ್ಕು ಉರಿಯ ಬಳಿ ಉಳಿಯದೆಂದು ಫೋನಿನ ದೀಪವನ್ನೇ ಇಟ್ಟೆವು. ಮನೆಯ ದೀಪಗಳನ್ನು ಆರಿಸಿದೆವು. ಗೊಂಬೆಯನ್ನು ದೀಪದ ಕಡೆಗೆ ಸರಿಸಿದಷ್ಟೂ ನೆರಳು ದೊಡ್ಡದಾಗುತ್ತ ಬಂದು, ಗೇಣುದ್ದವೂ ಇಲ್ಲದ ಕ್ಯಾತನು ಆಳೆತ್ತರ ನಿಂತನು. ಮಣಿಗಳ ತೂತುಗಳಿಂದ ಬೆಳಕಿನ ಚುಕ್ಕಿಗಳು ಅವನ ಮೈತುಂಬ ಮಿನುಗಿದವು. ಹುಡುಗನು ದಾರವನ್ನು ಎಳೆದನು, ಕೈ ಮೇಲೆದ್ದಿತು.

ಪಂಚೆಯ ಎದುರಿಗೆ, ಮೊಳದ ದೂರದಲ್ಲಿ, ಅತ್ತೆ ಕುಳಿತಿದ್ದರು. ಬೆಳಕು ನೆರಳುಗಳನ್ನು ಮಾತ್ರ ಬಲ್ಲ ಆ ಕಣ್ಣುಗಳಿಗೆ ಬೇಕಾದುದೂ ಅಷ್ಟೇ ಆಗಿತ್ತು. “ಬಂದನಲ್ಲೋ!” ಎಂದು ಒಮ್ಮೆಗೇ ಕೂಗಿದರು. ಬಳಿಕ, ಮನೆಯಲ್ಲಿ ಹೇಳಬಾರದೆಂದು ಹೇಳಿದ್ದ ಕ್ಯಾತನ ಮಾತುಗಳಲ್ಲಿ ಒಂದೆರಡನ್ನು ತೆಲುಗಿನಲ್ಲಿ ತಾವೇ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸೊಸೆಯೂ ನಕ್ಕರು. ಹುಡುಗನಿಗೆ ಅರ್ಥವಾಗಲಿಲ್ಲ, ಅದೇ ಒಳ್ಳೆಯದಾಯಿತು.

ದೀಪಗಳನ್ನು ಹಾಕಿದ ಮೇಲೆ ಅವರು ಗೊಂಬೆಯನ್ನು ಕೈಯಲ್ಲಿ ಹಿಡಿದುಕೊಂಡು, “ಚಲ್ಲಣಕ್ಕೆ ಏನು ಬಣ್ಣ ಹಾಕಿದೀಯೋ?” ಎಂದರು.

“ಕೆಂಪು, ಅಜ್ಜಿ. ನೆರಳಿನಲ್ಲಿ ಬಣ್ಣ ಕಾಣುವುದಿಲ್ಲ.”

“ತೊಗಲಿನಲ್ಲಿ ಕಾಣ್ತಿತ್ತು” ಎಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಮಗನ ಕಡೆಗೆ ತಿರುಗಿ, “ಆ ಕಣ್ಣಿನ ಡಾಕ್ಟರು ಯಾವತ್ತು ಸಿಕ್ತಾರೆ ಅಂದಿದ್ದೆ?” ಎಂದು ಕೇಳಿದರು. ಭಾವನು ತಕ್ಷಣ ಉತ್ತರ ಕೊಡಲಾರದೆ ನನ್ನ ಮುಖವನ್ನು ನೋಡಿದನು.

ವಿಜಯದಶಮಿಯ ದಿನ ಪಟ್ಟದ ಗೊಂಬೆಗಳನ್ನು ಮಲಗಿಸುವ ಮುನ್ನ, ಕ್ಯಾತನೂ ಕೆಳಗಿನ ಮೆಟ್ಟಿಲಿನಲ್ಲಿ, ಮಿಕ್ಕಿಗೂ ಬೇತಾಳನಿಗೂ ನಡುವೆ, ಆರತಿಯನ್ನು ಪಡೆದನು. ಮರುದಿನ ನಾನು ಊರಿಗೆ ಹಿಂದಿರುಗಿದೆನು.

ದೀಪಾವಳಿ ಕಳೆದ ಮೇಲೆ ಅತ್ತೆಯವರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ನಾಲ್ಕನೆಯ ದಿನ ಅವರೇ ಫೋನು ಮಾಡಿಸಿದರು. ಕಣ್ಣು ಹೇಗಿದೆ ಎಂದು ನಾನು ಕೇಳುವುದಕ್ಕೆ ಮೊದಲೇ, “ಚಲ್ಲಣಕ್ಕೆ ಹಳದಿ ಅಂಚು ಇಡಬೇಕಿತ್ತಪ್ಪಾ, ನಾನೇ ಮರೆತೆ. ಇನ್ನೊಂದು ಮಾಡೋಕೆ ಹೇಳಿದೀನಿ, ಜೊತೆಗೆ ಬಂಗಾರಕ್ಕನನ್ನೂ” ಎಂದರು. ಆಮೇಲೆ ಸ್ವಲ್ಪ ತಡೆದು, “ಬಾಗಿಲ ಗಿಳಿಗೆ ಬಾಲವಿಲ್ಲ. ಎರಡು ವರ್ಷದಿಂದ ನೀವ್ಯಾರೂ ಹೇಳಲೇ ಇಲ್ಲವಲ್ಲ!” ಎಂದು ಗದರಿಸಿದರು. ಬೈಸಿಕೊಂಡುದಕ್ಕೆ ಅಷ್ಟು ಸಂತೋಷವು ನನಗೆ ಹಿಂದೆಂದೂ ಆಗಿರಲಿಲ್ಲ.